ಅಜ್ಜನ ಅಜ್ಜಿಯನ್ನರಸಿ ಟಾಲಕ್ವಾಕ್ಕೆ

ದಸರೆಯ ರಜೆಗೆ ಹಿಂದುಮುಂದು ಇನ್ನಷ್ಟು ದಿನಗಳನ್ನು ಜೋಡಿಸಿಕೊಂಡು ಕಳೆದ ವರ್ಷ ನಾನು ಅಮೆರಿಕಕ್ಕೆ ಹೋಗಿದ್ದೆ. ಓಕ್ಲಹೋಮ ಸಂಸ್ಥಾನದ ಟಲ್ಸಾ ನಗರದಲ್ಲಿ ನನ್ನ ಅಕ್ಕ, ಭಾವ ನೆಲೆಸಿದ್ದಾರೆ. ನಯಾಗರ ಜಲಪಾತ, ನ್ಯೂಯಾರ್ಕಿನ ಗಗನಚುಂಬಿ ಸೌಧಗಳು ಇವುಗಳ ವರ್ಣನೆಯನ್ನು ಓದುಗರು ಬೇಕಾದಷ್ಟು ಓದಿರುವುದರಿಂದ ಅವುಗಳ ತಂಟೆಗೆ ನಾನು ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಟಲ್ಸಾದಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿ, ಓಜಾರ್ಕ್ ಗುಡ್ಡಗಳ ಅಂಚಿನಲ್ಲಿರುವ ಟಾಲಕ್ವಾ ಎಂಬ ಚಿಕ್ಕ ಊರಿನಲ್ಲಿ ಕಳೆದ ಒಂದು ದಿನದ ಸಂಗತಿಯನ್ನು. ಆ ಊರಿಗೆ ನಮ್ಮೊಡನೆ ಬಂದು ತಮ್ಮ ಅಜ್ಜನ ಅಜ್ಜಿಯನ್ನು ಹುಡುಕಿದ ಒಬ್ಬ ವೃದ್ಧೆಯ ಸಂಗತಿಯನ್ನು.

ಆಕೆ ಅಕ್ಕನ ನೆರೆಮನೆಯವರು. ಎಂಬತ್ತರ ಅಂಚಿನಲ್ಲಿರುವ ನಿವೃತ್ತ ಶಾಲಾಶಿಕ್ಷಕಿ. ಅಕ್ಕನ ಮಕ್ಕಳಿಗೆ ಅವರು ಅಜ್ಜಿಯೇ ಆಗಿಬಿಟ್ಟಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅವರ ನಡುಮನೆಯ ಗೋಡೆಯ ಮೇಲೆ ಮಾಸಿದ ಒಂದು ಛಾಯಾಚಿತ್ರವಿತ್ತು. ನಡುಬೈತಲೆ ತೆಗೆದು ಬಿಗಿದು ಕಟ್ಟಿದ ಕಪ್ಪು ಕೂದಲು, ಎದ್ದು ಕಾಣುವ ಕೆನ್ನೆಯ ಮೂಳೆ, ನಗೆಯಿಲ್ಲದ ಮುಖ.

"ಇವರು ನನ್ನ ಅಜ್ಜನ ಅಜ್ಜಿ. ಚೆರೋಕಿ ರಾಜಕುಮಾರಿ" ಎಂದು ಮೊದಲ ಭೇಟಿಯಲ್ಲಿಯೇ ಅಜ್ಜಿ ಹೇಳಿದ್ದರು.

"ಹೆಸರೇನು?" ಎಂದು ಕೇಳಿದೆ.

"ಅದು ಯಾರಿಗೂ ತಿಳಿಯದು. ನಮ್ಮ ಮನೆಯಲ್ಲಿ ರಾಜಕುಮಾರಿ ಎಂದೇ ಹೇಳುತ್ತಿದ್ದರು."

ಕಥೆ ಮಾತ್ರ ಎಲ್ಲರಿಗೂ ತಿಳಿದಿತ್ತು. 1838ರಲ್ಲಿ ಸೈನಿಕರು ಚೆರೋಕಿ ಜನರನ್ನು ಊರು ಬಿಡಿಸಿ ಪಶ್ಚಿಮಕ್ಕೆ ಅಟ್ಟಿದಾಗ ಈ ಹುಡುಗಿ ಗುಹೆಯೊಂದರಲ್ಲಿ ಅವಿತುಕೊಂಡಳಂತೆ. ಬಿಳಿಯರ ಕುಟುಂಬವೊಂದು ಅವಳನ್ನು ಸಾಕಿಕೊಂಡಿತಂತೆ. ಅವಳು ಭಯದಿಂದ ಯಾವ ಸರಕಾರಿ ಪಟ್ಟಿಗೂ ಹೆಸರು ಕೊಡಲಿಲ್ಲವಂತೆ. ಈಗ ಅಜ್ಜಿಯ ಮೊಮ್ಮಗಳು ಕಾಲೇಜು ಸೇರುವ ಅರ್ಜಿಯನ್ನು ತುಂಬುತ್ತಿದ್ದಳು. "ಜನಾಂಗದ ಕಲಮಿನಲ್ಲಿ ಚೆರೋಕಿ ಎಂದು ಬರೆಯಲೆ ಅಜ್ಜಿ?" ಎಂದು ಅವಳು ಕೇಳಿದ್ದಳು. ಮಕ್ಕಳಿಗೆ ನಲವತ್ತು ವರ್ಷ ಪಾಠ ಹೇಳಿದ ಆಕೆಗೆ ಪುರಾವೆಯಿಲ್ಲದೆ 'ಬರೆ' ಎನ್ನಲು ಮನಸ್ಸು ಒಪ್ಪಲಿಲ್ಲ. "ನೋಡಿಕೊಂಡು ಬಂದು ಹೇಳುತ್ತೇನೆ" ಎಂದರಂತೆ.

"ಇಲ್ಲಿ ಮನೆಗೊಬ್ಬ ಚೆರೋಕಿ ಅಜ್ಜಿ ಇರುತ್ತಾಳೆ ಕಣೋ" ಎಂದಳು ಅಕ್ಕ ಆ ರಾತ್ರಿ. "ಹಳೆಯ ಕಾಗದವೆಂದರೆ ನಿನಗೆ ಪ್ರಾಣ. ನಾಳೆ ನೀನೂ ಬಾ."

ಅಕ್ಕನ ಮಾತಿನಲ್ಲಿ ಅತಿಶಯೋಕ್ತಿ ಅಷ್ಟಾಗಿ ಇರಲಿಲ್ಲ. 2000ದ ಜನಗಣತಿಯಲ್ಲಿ ತಾವು ಚೆರೋಕಿ ಎಂದೋ ತಮ್ಮಲ್ಲಿ ಚೆರೋಕಿ ಅಂಶವಿದೆಯೆಂದೋ ಬರೆಸಿದವರು 7,29,533 ಮಂದಿ. 2010ರಲ್ಲಿ ಆ ಸಂಖ್ಯೆ 8,19,105 ಆಯಿತು. 2020ರಲ್ಲಿ 15 ಲಕ್ಷವನ್ನು ದಾಟಿತು. ಆದರೆ ಅಮೆರಿಕ ಸರಕಾರ ಮನ್ನಿಸಿರುವ ಚೆರೋಕಿ ಸಮುದಾಯಗಳು ಮೂರೇ: ಟಾಲಕ್ವಾದಲ್ಲಿ ಕೇಂದ್ರವುಳ್ಳ ಚೆರೋಕಿ ನೇಷನ್, ಅದೇ ಊರಿನಲ್ಲಿರುವ ಯುನೈಟೆಡ್ ಕೀಟೂವಾ ಬ್ಯಾಂಡ್, ಉತ್ತರ ಕ್ಯಾರೊಲೈನದ ಈಸ್ಟರ್ನ್ ಬ್ಯಾಂಡ್. ಮೂರರ ಪೌರರನ್ನೂ ಕೂಡಿಸಿದರೆ ಸುಮಾರು 5 ಲಕ್ಷ. ಉಳಿದ ಲಕ್ಷಾಂತರ ಜನರು ಎಲ್ಲಿಂದ ಬಂದರು?

ಎರಡೇ ಸಾಕು

ಮರುದಿನ ಬೆಳಗ್ಗೆ ಅಕ್ಕ ಕಾರು ನಡೆಸಿದಳು. ಅಜ್ಜಿ ಆ ಛಾಯಾಚಿತ್ರವನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಫೋರ್ಟ್ ಗಿಬ್ಸನ್ ಸರೋವರವನ್ನು ದಾಟುತ್ತಲೇ ಬಯಲು ಮುಗಿದು ಗುಡ್ಡಗಳು ಮೊದಲಾದುವು. ಓಕ್ ಮರಗಳ ಎಲೆಗಳಿಗೆ ಆಗತಾನೆ ಕೆಂಪು ಹತ್ತುತ್ತಿತ್ತು.

ಟಾಲಕ್ವಾ ಎಂಬ ಹೆಸರಿನ ಬಗ್ಗೆ ಒಂದು ಸೊಗಸಾದ ಐತಿಹ್ಯವುಂಟು. ರಾಜಧಾನಿಗೆ ಸ್ಥಳ ಗೊತ್ತುಮಾಡಲು ಮೂವರು ಹಿರಿಯರು ಸೇರಬೇಕಾಗಿತ್ತಂತೆ. ಇಬ್ಬರು ಬಂದರು, ಮೂರನೆಯವನು ಬರಲಿಲ್ಲ. ಕಾದು ಬೇಸತ್ತ ಇಬ್ಬರೂ "ಎರಡೇ ಸಾಕು" ಎಂದರು. ಚೆರೋಕಿ ಭಾಷೆಯ ಆ ಮಾತೇ ಊರಿನ ಹೆಸರಾಯಿತು. ಆದರೆ ಇದೇ ಹೆಸರು ಅದಕ್ಕೂ ಮೊದಲೇ, ಪೂರ್ವದ ಟೆನೆಸಿ ಸೀಮೆಯಲ್ಲಿದ್ದ ಟೆಲಿಕೊ ಎಂಬ ಪ್ರಾಚೀನ ಚೆರೋಕಿ ಊರಿಗಿತ್ತು. ನೆಲವನ್ನು ಕಳೆದುಕೊಂಡು ಬಂದವರು ಊರ ಹೆಸರನ್ನು ಜೊತೆಗೆ ತಂದರು. ನಮ್ಮ ಸ್ಥಳಪುರಾಣಗಳನ್ನು ಬಲ್ಲವರಿಗೆ ಇದು ಅಚ್ಚರಿಯ ವಿಷಯವಲ್ಲ. ಒಂದು ಊರೇ ತನ್ನ ಹೆಸರಿಗೆ ಕಥೆ ಕಟ್ಟಿಕೊಳ್ಳುವಾಗ ಒಂದು ಮನೆ ಕಟ್ಟಿಕೊಳ್ಳದಿದ್ದೀತೆ?

ಊರನ್ನು ಹೊಕ್ಕೊಡನೆ ನನ್ನ ಕಣ್ಣು ಸೆಳೆದದ್ದು ಬೀದಿಗಳ ಹೆಸರಿನ ಫಲಕಗಳು. ಇಂಗ್ಲಿಷಿನ ಜೊತೆಗೆ ಚೆರೋಕಿ ಲಿಪಿ. ಸಿಕೋಯಾ ಎಂಬ ಬೆಳ್ಳಿ ಕೆಲಸಗಾರ, ಯಾವ ಭಾಷೆಯನ್ನೂ ಓದಲು ಬಾರದಿದ್ದ ಮನುಷ್ಯ, 1821ರ ವೇಳೆಗೆ ಒಬ್ಬನೇ ರೂಪಿಸಿದ ಲಿಪಿಯಿದು. ಈಗ ಅದರಲ್ಲಿ 85 ಅಕ್ಷರಗಳು ಬಳಕೆಯಲ್ಲಿವೆ. ಇಂಗ್ಲಿಷಿನ ಹಾಗೆ ವ್ಯಂಜನಕ್ಕೊಂದು ಸ್ವರಕ್ಕೊಂದು ಬಿಡಿ ಗುರುತಲ್ಲ. ಲ, ಲೆ, ಲಿ ಎಂಬಂತೆ ಉಚ್ಚಾರಕ್ಕೊಂದು ಅಕ್ಷರ. ಕಾಗುಣಿತ ಕಲಿತ ಕನ್ನಡಿಗನಿಗೆ ಅದು ಒಡನೆಯೇ ಆಪ್ತವಾಗುತ್ತದೆ. ಇಂಗ್ಲಿಷಿನ 'ಡಬ್ಲ್ಯು'ವಿನಂತೆ ಕಾಣುವ ಅಕ್ಷರವನ್ನು 'ಲ' ಎಂದೂ 'ಡಿ'ಯಂತೆ ಕಾಣುವುದನ್ನು 'ಅ' ಎಂದೂ ಓದಬೇಕು. 1828ರಲ್ಲಿಯೇ ಈ ಲಿಪಿಯಲ್ಲಿ 'ಚೆರೋಕಿ ಫೀನಿಕ್ಸ್' ಎಂಬ ಪತ್ರಿಕೆ ಹೊರಟಿತು. ಅದಕ್ಕೆ ಒಂದು ವರ್ಷ ಮೊದಲು ಅವರು ಲಿಖಿತ ಸಂವಿಧಾನವನ್ನೂ ಮಾಡಿಕೊಂಡಿದ್ದರು.

ಇಂಥ ಜನರನ್ನು ಅವರ ನೆಲದಿಂದ ಎಬ್ಬಿಸಲಾಯಿತು. 1835ರಲ್ಲಿ ನ್ಯೂ ಎಕೋಟ ಎಂಬಲ್ಲಿ ಒಂದು ಸಣ್ಣ ಗುಂಪು, ಬಹುಜನರ ಸಮ್ಮತಿಯಿಲ್ಲದೆ, ಪೂರ್ವದ ನೆಲವನ್ನೆಲ್ಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಮರುವರ್ಷ ಅಮೆರಿಕದ ಸೆನೆಟ್ ಅದನ್ನು ಒಂದೇ ಒಂದು ಮತದ ಅಂತರದಿಂದ ಸ್ಥಿರಪಡಿಸಿತು. 1838-39ರಲ್ಲಿ ಸುಮಾರು 16,000 ಜನರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು ಸವೆಸಿದರು. ಸುಮಾರು 4,000 ಮಂದಿ ಸತ್ತರೆಂದು ಲೆಕ್ಕ. 'ಕಣ್ಣೀರಿನ ಹಾದಿ' ಎಂದು ಅದಕ್ಕೆ ಹೆಸರು. ಬದುಕಿ ಬಂದವರು 1839ರಲ್ಲಿ ಟಾಲಕ್ವಾವನ್ನು ರಾಜಧಾನಿ ಮಾಡಿಕೊಂಡರು. 1844ರಲ್ಲಿ ಅವರು ಕಟ್ಟಿದ ಸರ್ವೋಚ್ಚ ನ್ಯಾಯಾಲಯದ ಇಟ್ಟಿಗೆಯ ಕಟ್ಟಡ ಇಂದಿಗೂ ನಿಂತಿದೆ. ಚೌಕದ ನಡುವಿನ ಹಳೆಯ ಆಡಳಿತ ಸೌಧ ಈಗ ವಸ್ತುಸಂಗ್ರಹಾಲಯ. ಅಜ್ಜಿ ಅದರೊಳಗೆ ಪ್ರತಿಯೊಂದು ಚಿತ್ರದೆದುರಿಗೂ ನಿಂತು ಅಲ್ಲಿನ ಹೆಂಗಸರ ಮುಖಗಳನ್ನು ನೋಡುತ್ತಿದ್ದರು. ಯಾರ ಹೋಲಿಕೆಯನ್ನು ಹುಡುಕುತ್ತಿದ್ದರೆಂದು ಕೇಳಬೇಕಾಗಿರಲಿಲ್ಲ.

ಪಟ್ಟಿಗಳ ಮನೆ

ವಂಶಾವಳಿಯನ್ನು ಹುಡುಕುವವರಿಗೆ ನೆರವಾಗುವ ಕೊಠಡಿಯಲ್ಲಿ ನಮ್ಮನ್ನು ಎದುರುಗೊಂಡವರು ಐವತ್ತರ ಆಸುಪಾಸಿನ ಚೆರೋಕಿ ಮಹಿಳೆ. "ಒಸಿಯೊ" ಎಂದು ತಮ್ಮ ಭಾಷೆಯಲ್ಲಿ ಸ್ವಾಗತಿಸಿದರು. ನಾನು ಇಂಡಿಯನ್ ಎಂದು ಪರಿಚಯ ಹೇಳಿಕೊಂಡಾಗ ಗಂಭೀರವಾಗಿಯೇ "ಯಾವ ಸಮುದಾಯ?" ಎಂದು ಕೇಳಿದರು. ಬೆಂಗಳೂರಿನ ಹೆಸರು ಬಂದ ಮೇಲೆ ಇಬ್ಬರೂ ನಕ್ಕೆವು. ಆ ನಗುವಿನಿಂದ ಅಜ್ಜಿಯ ಬಿಗುಮಾನವೂ ಸ್ವಲ್ಪ ಸಡಿಲಿತು. ಟವೆಲು ಬಿಚ್ಚಿ ಚಿತ್ರವನ್ನು ಮೇಜಿನ ಮೇಲಿಟ್ಟು ಕಥೆಯನ್ನು ಆಮೂಲಾಗ್ರವಾಗಿ ಹೇಳಿದರು.

ಆ ಮಹಿಳೆ ಎಲ್ಲವನ್ನೂ ಕೇಳಿ ಮೆಲ್ಲಗೆ ಹೇಳಿದರು: "ನಮ್ಮಲ್ಲಿ ರಾಜರಿರಲಿಲ್ಲ, ಅಮ್ಮ. ಆದ್ದರಿಂದ ರಾಜಕುಮಾರಿಯರೂ ಇರಲಿಲ್ಲ. ನಮ್ಮಲ್ಲಿದ್ದುದು ಏಳು ಬಳಿಗಳು: ತೋಳ, ಜಿಂಕೆ, ಹಕ್ಕಿ, ಬಣ್ಣ, ಉದ್ದಕೂದಲು, ನೀಲಿ, ಕಾಡುಗೆಡ್ಡೆ. ತಾಯಿಯ ಬಳಿಯೇ ಮಕ್ಕಳ ಬಳಿ." ನಮ್ಮ ತುಳುನಾಡಿನ ಅಳಿಯಸಂತಾನವನ್ನು ನೆನೆದುಕೊಂಡರೆ ಓದುಗರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಣ್ಣೀರಿನ ಹಾದಿಯ ಕಾಲದಲ್ಲಿ ಚೆರೋಕಿಯರ ಮುಖ್ಯ ನಾಯಕನಾಗಿದ್ದ ಜಾನ್ ರಾಸ್‌ನಲ್ಲಿದ್ದುದು ಎಂಟನೆಯ ಒಂದು ಪಾಲು ಚೆರೋಕಿ ರಕ್ತ. ಉಳಿದುದು ಬಹುಪಾಲು ಸ್ಕಾಟ್ಲೆಂಡಿನದು. ಆದರೆ ತಾಯಿಯ ಕಡೆಯಿಂದ ಅವನು ಹಕ್ಕಿಯ ಬಳಿಗೆ ಸೇರಿದವನು. ಯಾರ ಮೈಯಲ್ಲಿ ಎಷ್ಟು ರಕ್ತ ಎಂಬುದಕ್ಕಿಂತ ಯಾರು ಯಾರನ್ನು ನಂಟರೆಂದು ಬಲ್ಲರು ಎಂಬುದೇ ಅಲ್ಲಿ ಮುಖ್ಯವಾಗಿತ್ತು.

ಇನ್ನು ಪಟ್ಟಿಗಳ ವಿಚಾರ. ಇಂದು ಚೆರೋಕಿ ನೇಷನ್ನಿನ ಪೌರನಾಗಬೇಕಾದರೆ ಡಾಸ್ ಪಟ್ಟಿಯಲ್ಲಿರುವ ಒಬ್ಬ ಪೂರ್ವಜನಿಂದ ನೇರ ಸಂತತಿಯೆಂದು ತೋರಿಸಬೇಕು. ರಕ್ತದ ಪ್ರಮಾಣ ಇಷ್ಟೇ ಇರಬೇಕೆಂಬ ನಿಯಮವಿಲ್ಲ. ಸಮುದಾಯದ ಸಾಮೂಹಿಕ ನೆಲವನ್ನು ಒಡೆದು ವ್ಯಕ್ತಿಗಳಿಗೆ ಹಂಚುವ ಸಲುವಾಗಿ 1893ರಲ್ಲಿ ಅಮೆರಿಕ ಸರಕಾರ ನೇಮಿಸಿದ ಡಾಸ್ ಆಯೋಗ, 1898ರಿಂದ 1906ರವರೆಗೆ ಐದು ಮೂಲನಿವಾಸಿ ರಾಷ್ಟ್ರಗಳ ಈ ಪಟ್ಟಿಯನ್ನು ಸಿದ್ಧಪಡಿಸಿತು. ಅರ್ಜಿ ಹಾಕಿದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಸೇರಿಸಿಕೊಂಡದ್ದು 1 ಲಕ್ಷಕ್ಕೆ ಸ್ವಲ್ಪ ಮೇಲೆ. ನೆಲ ಸಿಗುತ್ತದೆಂದಾಗ ನೆಂಟರು ಹೆಚ್ಚುವುದು ಎಲ್ಲ ದೇಶಗಳಲ್ಲಿಯೂ ಉಂಟು.

"ಆದರೆ ನನ್ನ ರಾಜಕುಮಾರಿ ಅವಿತುಕೊಂಡವಳು. ಪಟ್ಟಿಯಲ್ಲಿ ಹೇಗಿರುತ್ತಾಳೆ?" ಎಂದರು ಅಜ್ಜಿ.

"ಅವಿತುಕೊಂಡು ಪೂರ್ವದಲ್ಲಿಯೇ ಉಳಿದವರೂ ಇದ್ದರು, ನಿಜ. ಅಂಥವರಿಂದಲೇ ಈಸ್ಟರ್ನ್ ಬ್ಯಾಂಡ್ ಬೆಳೆಯಿತು. ಆದರೆ ಅವರನ್ನೂ ಹೆಸರು ಹಿಡಿದು ಎಣಿಸಿದ್ದಾರೆ. 1835ರಲ್ಲಿ ಹೊರಡಿಸುವ ಮುನ್ನ ಒಂದು ಪಟ್ಟಿ. 1848ರಲ್ಲಿ ಒಂದು, 1851ರಲ್ಲಿ ಒಂದು, 1852ರಲ್ಲಿ ಮತ್ತೊಂದು. ನಮ್ಮಷ್ಟು ಎಣಿಸಲ್ಪಟ್ಟ ಜನ ಈ ದೇಶದಲ್ಲಿ ಕಡಮೆ" ಎಂದು ಆಕೆ ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

1907ರ ಒಂದು ಅರ್ಜಿ

ಅಜ್ಜಿಯ ಅಜ್ಜನ ಹೆಸರನ್ನು ಕೇಳಿ ಬರೆದುಕೊಂಡು ಆಕೆ ಒಂದು ಗಂಟೆಯ ಕಾಲ ಹುಡುಕಿದರು. ಡಾಸ್ ಪಟ್ಟಿಯಲ್ಲಿ ಇಲ್ಲ. ಹಿಂದಿನ ಯಾವ ಪಟ್ಟಿಯಲ್ಲಿಯೂ ಆ ಮನೆತನವಿಲ್ಲ. ಕೊನೆಗೆ ಮಿಲ್ಲರ್ ಅರ್ಜಿಗಳಲ್ಲಿ ಆ ಹೆಸರು ಸಿಕ್ಕಿತು!

ಈ ಅರ್ಜಿಗಳ ಕಥೆಯೇ ಸ್ವಾರಸ್ಯವಾದದ್ದು. ಹಳೆಯ ಒಪ್ಪಂದಗಳನ್ನು ಮುರಿದುದಕ್ಕಾಗಿ ಪೂರ್ವದ ಚೆರೋಕಿಯರಿಗೂ ಅವರ ಸಂತತಿಗೂ ಹಣ ಕೊಡಬೇಕೆಂದು ನ್ಯಾಯಾಲಯ ತೀರ್ಪಿತ್ತಿತು. ಅರ್ಹರನ್ನು ಗೊತ್ತುಮಾಡುವ ಕೆಲಸ ಗಯಾನ್ ಮಿಲ್ಲರ್ ಎಂಬವರ ಪಾಲಿಗೆ ಬಂತು. 1907ರ ಆಗಸ್ಟ್ 31 ಕೊನೆಯ ದಿನ. ಬಂದ ಅರ್ಜಿಗಳು 45,847. ಅವುಗಳೊಳಗೆ ಹಕ್ಕು ಕೇಳಿದವರು ಸುಮಾರು 90,000. ಮಿಲ್ಲರ್ ಒಪ್ಪಿಕೊಂಡದ್ದು 30,254 ಜನರನ್ನು. ತಲೆಗೆ ಸಂದದ್ದು 130 ಡಾಲರಿಗೆ ಸ್ವಲ್ಪ ಮೇಲೆ. ತಿರಸ್ಕೃತರಾದ ಸುಮಾರು 60,000 ಮಂದಿಯ ಕಾಗದಗಳೂ ಹಾಗೆಯೇ ಉಳಿದಿವೆ. ಅವುಗಳಲ್ಲಿ ಎಷ್ಟೋ ಬಡ ರೈತರ ವಂಶಾವಳಿಗಳು ಅವರ ಬಾಯಿಂದಲೇ ದಾಖಲಾಗಿವೆ.

ಅಲಬಾಮದ ಒಂದು ಹಳ್ಳಿಯಿಂದ ಅಜ್ಜಿಯ ಅಜ್ಜ, ಆಗ ಇಪ್ಪತ್ತೇಳು ವಯಸ್ಸಿನ ರೈತ, ಕಳುಹಿಸಿದ ಅರ್ಜಿಯದು. ವಕ್ರವಕ್ರವಾದ ಕೈಬರಹ. ಯಾವ ಪೂರ್ವಜರ ಮೂಲಕ ಹಕ್ಕು ಎಂಬ ಪ್ರಶ್ನೆಗೆ ಅವನು ತನ್ನ ಅಜ್ಜಿಯ ಹೆಸರನ್ನು ಬರೆದಿದ್ದ. ಹೆಸರು, ಮದುವೆಗೆ ಮೊದಲಿನ ಮನೆತನ, ಹುಟ್ಟಿದ ಸೀಮೆ. ಅವಳ ಇಂಡಿಯನ್ ಹೆಸರೇನು ಎಂಬಲ್ಲಿ "ತಿಳಿಯದು" ಎಂದಿತ್ತು. ಕೊನೆಯಲ್ಲಿ ಸರಕಾರದ ನಿರ್ಣಯ: ತಿರಸ್ಕೃತ. ಅರ್ಜಿದಾರನ ಪೂರ್ವಜರು ಯಾವ ಪಟ್ಟಿಯಲ್ಲಿಯೂ ಇಲ್ಲ, ಚೆರೋಕಿಯರೊಡನೆ ಬಾಳಿದವರೂ ಅಲ್ಲ.

ಆ ಹೆಸರನ್ನು ಹಿಡಿದು ಆಕೆ 1880ರ ಜನಗಣತಿಯ ಪುಟವನ್ನು ತೆಗೆದು ತೋರಿಸಿದರು. ಅದೇ ಹೆಂಗಸು. ವಯಸ್ಸು 56. ಬಣ್ಣ: ಬಿಳಿ. ಹುಟ್ಟಿದ್ದು ದಕ್ಷಿಣ ಕ್ಯಾರೊಲೈನ. ತಂದೆ ತಾಯಿ ಹುಟ್ಟಿದ್ದೂ ಅಲ್ಲಿಯೇ. ಓದಲು ಬಾರದು, ಬರೆಯಲು ಬಾರದು. ವಿಧವೆ. ಮಗನ ಮನೆಯಲ್ಲಿ ವಾಸ.

"ಹಾಗಾದರೆ ನಮ್ಮ ತಂದೆ ಸುಳ್ಳು ಹೇಳಿದರೆ?" ಎಂದು ಅಜ್ಜಿ ಕೇಳಿದರು. ಸ್ವರ ನಡುಗುತ್ತಿತ್ತು.

"ನಾನು ಹಾಗೆ ಹೇಳುವುದಿಲ್ಲ. ಅವರು ಕೇಳಿದ್ದನ್ನು ಹೇಳಿದ್ದಾರೆ. ಕಾಗದ ಏನು ಹೇಳುತ್ತದೆಯೆಂದು ಮಾತ್ರ ನಾನು ಹೇಳಬಲ್ಲೆ. ಇಲ್ಲಿಗೆ ಬರುವವರಲ್ಲಿ ಅನೇಕರು ಇಲ್ಲವೆಂದಾಗ ಕೋಪಿಸಿಕೊಳ್ಳುತ್ತಾರೆ. ನೀವು ಕೋಪಿಸಿಕೊಳ್ಳಲಿಲ್ಲ, ವಾದೊ" ಎಂದರು ಆಕೆ. ವಾದೊ ಎಂದರೆ ಅವರ ಭಾಷೆಯಲ್ಲಿ ಕೃತಜ್ಞತೆ.

ಕಥೆ ಏಕೆ ಹುಟ್ಟಿತು?

ಊಟಕ್ಕೆ ಕುಳಿತಾಗ ನಾವು ಮೂವರೂ ಈ ಪ್ರಶ್ನೆಯನ್ನೇ ಮಗುಚಿದೆವು. ಹಣದಾಸೆ ಒಂದು ಕಾರಣ. ಆದರೆ ಹಣ ಬರದೆಹೋದ ಮೇಲೂ ಕಥೆ ನೂರು ವರ್ಷ ಬದುಕಿತಲ್ಲ! ಗ್ರೆಗರಿ ಸ್ಮಿದರ್ಸ್ ಎಂಬ ಇತಿಹಾಸಕಾರರು ದಕ್ಷಿಣ ಸೀಮೆಯ ಬಿಳಿಯರಲ್ಲಿ ಇಂಥ ಹೇಳಿಕೆಗಳು 1840-50ರ ದಶಕಗಳಲ್ಲಿ ಹಬ್ಬಿದುದನ್ನು ಗುರುತಿಸಿದ್ದಾರೆ. ಚೆರೋಕಿಯರನ್ನು ಹೊರಗೆ ಕಳುಹಿಸಿಯಾಗಿತ್ತು. ಇನ್ನು ಅವರಿಂದ ಭಯವಿರಲಿಲ್ಲ. ಆ ನೆಲ ತಮ್ಮದೆನ್ನಲು ಆ ನೆಲದ ರಕ್ತದ ಒಂದು ತೊಟ್ಟು ಅನುಕೂಲವಾಗಿತ್ತು. ಇನ್ನು ಕೆಲವು ಮನೆಗಳಲ್ಲಿ ಆಫ್ರಿಕದ ಮೂಲವನ್ನು ಮರೆಮಾಚಲು, ಮೈಬಣ್ಣಕ್ಕೆ ಸಮಜಾಯಿಷಿ ಕೊಡಲು, ಇಂಡಿಯನ್ ಅಜ್ಜಿಯೊಬ್ಬಳನ್ನು ಕರೆತಂದರು. ಅದು ಯಾವಾಗಲೂ ಅಜ್ಜಿಯೇ, ಅಜ್ಜನಲ್ಲ, ಎಂಬುದನ್ನು ವೈನ್ ಡೆಲೋರಿಯ ಎಂಬ ಮೂಲನಿವಾಸಿ ಲೇಖಕರು 1969ರಲ್ಲಿಯೇ ಗಮನಿಸಿ ನಗೆಯಾಡಿದ್ದರು.

ಮನೆಯೊಳಗಿನ ಕಥೆಯಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ನಷ್ಟವುಂಟು. ಚೆರೋಕಿ ಬಾಲಕನೊಬ್ಬನ ಆತ್ಮಕಥೆಯೆಂದು 1976ರಲ್ಲಿ ಪ್ರಕಟವಾಗಿ ಲಕ್ಷಗಟ್ಟಲೆ ಮಾರಾಟವಾದ ಪುಸ್ತಕವನ್ನು ಬರೆದಾತ ಅಸಾ ಕಾರ್ಟರ್. ವರ್ಣಭೇದ ನೀತಿಯ ಉಗ್ರ ಪ್ರಚಾರಕ, ಅಲಬಾಮದ ಗವರ್ನರನಿಗೆ ಭಾಷಣ ಬರೆದುಕೊಡುತ್ತಿದ್ದವನು. ಚೆರೋಕಿಯರೆಂದು ಹೇಳಿಕೊಂಡ ಗುತ್ತಿಗೆದಾರರು ಅಲ್ಪಸಂಖ್ಯಾತರ ಪಾಲಿನ 30 ಕೋಟಿ ಡಾಲರಿಗೂ ಮೀರಿದ ಸರಕಾರಿ ಗುತ್ತಿಗೆಗಳನ್ನು ಪಡೆದುದನ್ನು 'ಲಾಸ್ ಏಂಜಲೀಸ್ ಟೈಮ್ಸ್' 2019ರಲ್ಲಿ ಹೊರಗೆಡವಿತು. ಸೆನೆಟರ್ ಎಲಿಜಬೆತ್ ವಾರೆನ್ 2018ರಲ್ಲಿ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದಾಗ, ಅಂಥ ಪರೀಕ್ಷೆಯಿಂದ ಯಾರೂ ಚೆರೋಕಿ ಆಗುವುದಿಲ್ಲವೆಂದು ಚೆರೋಕಿ ನೇಷನ್ ಆಕ್ಷೇಪಿಸಿತು. ಮರುವರ್ಷ ಅವರು ಕ್ಷಮೆ ಕೇಳಿದರು. ದೂರದ ಪೂರ್ವಜರಲ್ಲಿ ಮೂಲನಿವಾಸಿಯೊಬ್ಬನಿದ್ದನೆಂದು ಆ ಪರೀಕ್ಷೆ ಸೂಚಿಸಬಹುದು; ಅವನು ಯಾವ ಸಮುದಾಯದವನೆಂದು ಹೇಳಲಾರದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮಲ್ಲಿ ಪ್ರತಿಯೊಬ್ಬನಿಗೂ 1,024 ಪೂರ್ವಜರ ಸ್ಥಾನಗಳಿರುತ್ತವೆ. ಅವರಲ್ಲಿ ಒಬ್ಬರನ್ನೇ ಆರಿಸಿ ಗೋಡೆಗೆ ತೂಗುಹಾಕುವುದು ನಮ್ಮ ಆಸೆಯ ಕೆಲಸ.

ಇದರ ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾದೀತು. ಅನುಕೂಲಸ್ಥ ಚೆರೋಕಿಯರು ಕರಿಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. 1866ರ ಒಪ್ಪಂದ ಆ ಬಿಡುಗಡೆ ಹೊಂದಿದವರಿಗೂ ಅವರ ಸಂತತಿಗೂ ಚೆರೋಕಿಯರಿಗೆ ಸಮಾನವಾದ ಹಕ್ಕು ಕೊಟ್ಟಿತು. ಡಾಸ್ ಪಟ್ಟಿಯಲ್ಲಿ ಅವರ ಹೆಸರುಗಳಿವೆ, ಆದರೆ ಬೇರೆ ಹಾಳೆಯಲ್ಲಿ. ಕಾಗದವಿದ್ದೂ 2007ರ ಮತದಾನದಲ್ಲಿ ಅವರನ್ನು ಹೊರಗಿಡಲಾಯಿತು. 2017ರಲ್ಲಿ ಅಮೆರಿಕದ ನ್ಯಾಯಾಲಯ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಚೆರೋಕಿ ಸರ್ವೋಚ್ಚ ನ್ಯಾಯಾಲಯ 'ರಕ್ತದಿಂದ' ಎಂಬ ಮಾತನ್ನೇ ಸಂವಿಧಾನದಿಂದ ತೆಗೆಸಿತು. ಪುರಾವೆಯಿಲ್ಲದವರು ಲಕ್ಷಗಟ್ಟಲೆಯಾಗಿ ಹೆಮ್ಮೆಪಡುತ್ತಿದ್ದಾಗ, ಪುರಾವೆಯಿದ್ದವರು ಬಾಗಿಲಲ್ಲಿ ನಿಂತಿದ್ದರು.

ಇದನ್ನು ಕೇಳಿ ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ಹಿಂದಿರುಗುವ ದಾರಿಯಲ್ಲಿ ಸರೋವರ ಕಂಡಾಗ ಮೊಮ್ಮಗಳಿಗೆ ಫೋನು ಮಾಡಿದರು. "ಆ ಕಲಮಿನಲ್ಲಿ ಚೆರೋಕಿ ಎಂದು ಬರೆಯಬೇಡ, ಮಗು. ಆದರೆ ನಿನಗೆ ಹೇಳುವುದು ಬೇರೊಂದಿದೆ. ಅವರ ಹೆಸರು ಸಿಕ್ಕಿತು" ಎಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಎರಡು ಸಲ ಹೇಳಿದರು. ಆ ಹೆಸರು ಅವರ ಮನೆಯದು; ಇಲ್ಲಿ ಬರೆಯುವುದು ಉಚಿತವಲ್ಲ. ಮನೆ ತಲುಪಿದ ಮೇಲೆ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಆ ಹೆಸರನ್ನೂ ಹುಟ್ಟಿದ ಸೀಮೆಯನ್ನೂ ಬರೆದರು. ಕೆಳಗೆ "ಚೆರೋಕಿ ಎಂದು ಹೇಳುತ್ತಿದ್ದರು, ಪುರಾವೆ ಸಿಗಲಿಲ್ಲ" ಎಂದು ಸೇರಿಸಿ, ಮತ್ತೆ ಅದೇ ಮೊಳೆಗೆ ತೂಗುಹಾಕಿದರು.

ನಮ್ಮ ಮನೆಯಲ್ಲಿಯೂ ಒಂದು ಕಥೆಯುಂಟು. ನಮ್ಮ ಹಿರಿಯರೊಬ್ಬರು ಇಕ್ಕೇರಿ ಅರಸರಲ್ಲಿ ಕರಣಿಕರಾಗಿದ್ದರಂತೆ; ತಾಮ್ರಶಾಸನವಿತ್ತಂತೆ; ನೆರೆಯಲ್ಲಿ ಕೊಚ್ಚಿಹೋಯಿತಂತೆ. ಕನ್ನಡ ಎಂ.ಎ. ಮಾಡಿ ಶಾಸನಗಳ ಪಾಠ ಹೇಳುವ ನಾನು ಆ ಮೂರು 'ಅಂತೆ'ಗಳನ್ನು ಎಂದೂ ಪರೀಕ್ಷಿಸಿರಲಿಲ್ಲ. ಮದುವೆಮನೆಗಳಲ್ಲಿ ಅಭಿಮಾನದಿಂದ ಹೇಳಿಯೂ ಇದ್ದೆ. ಆ ರಾತ್ರಿ ಊರಿಗೆ ಫೋನು ಮಾಡಿದಾಗ ಅಮ್ಮನನ್ನು ಕೇಳಿದೆ: "ಅಮ್ಮಾ, ಆ ಕರಣಿಕರ ಹೆಂಡತಿಯ ಹೆಸರೇನು?"

ಅಮ್ಮ ಸ್ವಲ್ಪ ಯೋಚಿಸಿದರು. "ಅದು ಗೊತ್ತಿಲ್ಲವಪ್ಪ" ಎಂದರು. "ಅವರ ಹೆಸರನ್ನು ಯಾರೂ ಹೇಳಲೇ ಇಲ್ಲ."